ಹಾರ್ಡ್‌ಟೇಲೋ, ಫುಲ್ ಸಸ್ಪೆನ್ಷನ್ನೋ? ಗುಡ್ಡ ಇಳಿಯುವ ಮುಂಚೆ ಆರಿಸಿಕೊಳ್ಳಬೇಕಾದ್ದು

ಗುಡ್ಡದ ದಾರಿಗೆ ಸೈಕಲ್ ತಗೊಳ್ಳಬೇಕು, ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ಇಳಿಯುವಾಗ ನಿಮಗೆ ಹೆದರಿಕೆ ಆಗುವುದು ಎಲ್ಲಿ? ವೇಗ ಜಾಸ್ತಿ ಆದಾಗಲಾ, ಕಲ್ಲು ಬೇರು ಅಡ್ಡ ಬಂದಾಗಲಾ, ಪಕ್ಕದಲ್ಲಿ ಕಣಿವೆ ಕಂಡಾಗಲಾ? ಹೆಚ್ಚಿನವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಗೇರೆಷ್ಟು, ತೂಕವೆಷ್ಟು, ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು) ಯಾವ ಕಂಪನಿಯದು ಅಂತ ಪಟ್ಟಿ ಮಾಡಿಕೊಂಡು ಬಂದಿರುತ್ತಾರೆ. ಆದರೆ ಈ ಆಟದಲ್ಲಿ ಮಜಾ ಸಿಗುವ ಜಾಗವೂ ಪೆಟ್ಟು ಬೀಳುವ ಜಾಗವೂ ಬಹಳ ಸಲ ಒಂದೇ. ಯಾವ ಸೈಕಲ್ ತಗೊಂಡರೂ, ಯಾವ ದಾರಿ ಹಿಡಿದರೂ ಅಪಾಯ ಮಾಯ ಆಗುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾಗ ಬದಲಾಯಿಸುತ್ತದೆ. ಎಲ್ಲಿಗೆ ಹೋಗಿ ಕೂತಿದೆ ಅಂತ ಗೊತ್ತಿರಬೇಕು, ಅಷ್ಟೇ.

(ಬೈಕ್ ಅಂತ ಬರೆಯದೆ ಸೈಕಲ್ ಅಂತಲೇ ಬರೆಯುತ್ತೇನೆ. ಕನ್ನಡದಲ್ಲಿ ಬೈಕ್ ಅಂದ ಕೂಡಲೇ ಪೆಟ್ರೋಲ್ ಹಾಕುವ ಗಾಡಿ ಕಣ್ಣ ಮುಂದೆ ಬರುತ್ತದೆ.)

ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದು. ಮೂರು ವರ್ಷ ಹಾರ್ಡ್‌ಟೇಲ್‌ನಲ್ಲಿ, ಅಂದರೆ ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ ಸೈಕಲ್‌ನಲ್ಲಿ ಇಳಿದಿದ್ದ ದಾರಿ ಅದು, ಎಲ್ಲಿ ಯಾವ ಕಲ್ಲಿದೆ ಅಂತ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಒಂದು ದಿನ ಗೆಳೆಯನ ಫುಲ್ ಸಸ್ಪೆನ್ಷನ್ ಸೈಕಲ್ ಕೈಗೆ ಸಿಕ್ಕಿತು, ಮುಂದೆ ಹಿಂದೆ ಎರಡೂ ಕಡೆ ಶಾಕ್, 150 ಮಿ.ಮೀ. ಟ್ರಾವೆಲ್ ಇದ್ದದ್ದು, ಅಂದರೆ ಫೋರ್ಕ್ ಅಷ್ಟು ಒಳಗೆ ಕುಗ್ಗುವಂಥದ್ದು. ಮೇಲಿನಿಂದ ಬಿಟ್ಟೆ ನೋಡಿ, ಯಾವಾಗಲೂ ಹಲ್ಲು ಕಟಕಟ ಅನ್ನಿಸುತ್ತಿದ್ದ ಕಲ್ಲುಗಳೆಲ್ಲ ಎಲ್ಲಿ ಹೋದವೋ ತಿಳಿಯಲೇ ಇಲ್ಲ. ಮೈಯೆಲ್ಲ ಒಂಥರಾ ಹಗುರ. ಆಹಾ ಅಂದುಕೊಳ್ಳುತ್ತಿರುವಾಗಲೇ ಪುಡಿಜಲ್ಲಿ ಹರಡಿದ್ದ ಎಡ ತಿರುವು ಬಂತು. ಯಾವಾಗಲೂ ಬರುವುದಕ್ಕಿಂತ ಬೇಗ ಬಂತು. ತಿರುಗುತ್ತಾ ತಿರುಗುತ್ತಾ ಬ್ರೇಕ್ ಹಿಡಿದೆ, ಮುಂದಿನ ಚಕ್ರ ಜಾರಿತು, ಎಡ ಭುಜ ನೆಲಕ್ಕೆ. ಕಾಲರ್ ಬೋನ್ ಎರಡು ತುಂಡು, ಆರು ವಾರ ಕೈ ಜೋಲಿಯಲ್ಲಿ. ಸೈಕಲ್‌ಗೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ, ಗೆಳೆಯನಿಗೆ ಅದೊಂದು ಸಮಾಧಾನ.

ಸೈಕಲ್ಲಿನ ತಪ್ಪೇನೂ ಇರಲಿಲ್ಲ. ಕೈಕಾಲು ನಡುಗಿಸಿ "ನಿಧಾನ, ನಿಧಾನ" ಅಂತ ಹೇಳುತ್ತಿದ್ದ ಕಲ್ಲುಗಳ ಬಾಯಿ ಮುಚ್ಚಿಸಿತ್ತು, ಅಷ್ಟೇ.

ಮೊದಲು ದಾರಿ, ಆಮೇಲೆ ಸೈಕಲ್

ಅಂಗಡಿಗೆ ಹೋಗುವ ಮುಂಚೆ ನೀವು ನಿಜವಾಗಿ ಹೋಗುವ ದಾರಿ ಯಾವುದು ಅಂತ ನೋಡಿಕೊಳ್ಳಿ. ವಿಡಿಯೋದಲ್ಲಿ ನೋಡಿ ಆಸೆಪಟ್ಟದ್ದು ಬೇಡ, ವರ್ಷಕ್ಕೊಮ್ಮೆ ರಜೆ ಹಾಕಿ ಹೋಗುವುದೂ ಬೇಡ. ವಾರ ವಾರ ಹೋಗುವುದು ಯಾವುದು?

ಅಗಲದ ಜೀಪ್ ದಾರಿಯನ್ನು ಹೊಸಬರೆಲ್ಲ ಸಲೀಸು ಅಂದುಕೊಳ್ಳುತ್ತಾರೆ. ಹತ್ತುವಾಗ ಅದು ನಿಜ. ಇಳಿಯುವಾಗ ಮಾತ್ರ ನನಗೆ ಎಲ್ಲಕ್ಕಿಂತ ಜಾಸ್ತಿ ಅನುಮಾನ ಇರುವುದು ಇದೇ ದಾರಿಯ ಮೇಲೆ. ತಡೆಯುವುದಕ್ಕೆ ಏನೂ ಇಲ್ಲ, ಹಾಗಾಗಿ ವೇಗ ಗಂಟೆಗೆ 40 ಕಿ.ಮೀ. ದಾಟಿದ್ದೂ ತಿಳಿಯುವುದಿಲ್ಲ, ಆಮೇಲೆ ಒಂದು ತಿರುವಿನಲ್ಲಿ ಗೋಲಿಯಂಥ ಜಲ್ಲಿ, ಇಲ್ಲವೇ ಮಳೆನೀರು ಕೊರೆದ ಅಡ್ಡ ಕಾಲುವೆ, ಇಲ್ಲವೇ ಎದುರಿಗೆ ಜೀಪೇ. ಇಲ್ಲಿ ಇರುವುದು ಬರೀ ವೇಗದ ಮಜಾ, ಬಿದ್ದರೆ ಬೀಳುವುದೂ ಆ ವೇಗದಲ್ಲೇ.

ಫ್ಲೋ ಟ್ರೇಲ್ ಅಂದರೆ ಸೈಕಲ್‌ಗಾಗಿಯೇ ಕಡಿದು ಮಾಡಿದ ದಾರಿ. ತಿರುವಿನ ಹೊರಬದಿಗೆ ಮಣ್ಣು ಏರಿಸಿ ಗೋಡೆ ಥರ ಒರಗು ಕೊಟ್ಟಿರುತ್ತಾರೆ, ಅದಕ್ಕೆ ಬರ್ಮ್ ಅನ್ನುತ್ತಾರೆ. ನಡುನಡುವೆ ಅಲೆ ಅಲೆಯಾಗಿ ದಿಬ್ಬ. ಬರ್ಮ್ ಒಳಗೆ ಸೈಕಲ್ ವಾಲಿಸಿದಾಗ ಯಾರೋ ಹೆಗಲ ಮೇಲೆ ಕೂತ ಹಾಗೆ ಮೈ ಭಾರವಾಗಿ, ಹೊರಗೆ ಬರುತ್ತಿದ್ದ ಹಾಗೆ ಗಾಳಿಪಟದಂತೆ ಹಗುರಾಗುತ್ತದೆ. ಒಂದು ಸಲ ರುಚಿ ಹತ್ತಿದರೆ ಬಿಡುವುದು ಕಷ್ಟ. ಇಲ್ಲಿ ಅಪಾಯ ಇರುವುದು ಜಂಪ್‌ಗಳಲ್ಲಿ. ಟೇಬಲ್‌ಟಾಪ್ ಆದರೆ ನೀವು ಕಮ್ಮಿ ಹಾರಿದರೂ ಮಧ್ಯದ ಸಪಾಟು ಮಣ್ಣಿನ ಮೇಲೆ ಇಳಿಯುತ್ತೀರಿ. ಗ್ಯಾಪ್ ಜಂಪ್ ಆದರೆ ಮಧ್ಯೆ ಬರೀ ಗುಂಡಿ. ಮೇಲಿನಿಂದ ಬರುವಾಗ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ. ಮೊದಲ ಸಲ ನಿಲ್ಲಿಸಿ, ಇಳಿದು, ನಡೆದು ಹೋಗಿ ಆಚೆ ಬದಿ ನೋಡಿ ಬನ್ನಿ. ನಾಚಿಕೆ ಪಡುವಂಥದ್ದೇನಿಲ್ಲ, ರೇಸ್ ಓಡಿಸುವವರೂ ಓಡಿಸುವ ಮುಂಚೆ ದಾರಿಯನ್ನು ನಡೆದು ನೋಡುತ್ತಾರೆ.

ಮೂರನೆಯದು ಟೆಕ್ನಿಕಲ್ ದಾರಿ. ಒಂದೇ ಸೈಕಲ್ ಹಿಡಿಸುವಷ್ಟು ಅಗಲ, ಬೇರು, ಬಂಡೆ, ಮೆಟ್ಟಿಲಿನಂಥ ಇಳಿತ, ಮೊಣಕೈ ಮಡಿಸಿದ ಹಾಗೆ ತಿರುವು. ವೇಗ ಕಡಿಮೆ, ತಲೆಗೆ ಕೆಲಸ ಜಾಸ್ತಿ. ಮುಂದಿನ ಚಕ್ರ ಎಲ್ಲಿ ಇಡಬೇಕು, ಅದಾದ ಮೇಲೆ ಎಲ್ಲಿ, ಆಮೇಲೆ ಎಲ್ಲಿ ಅಂತ ಲೆಕ್ಕ ಬಿಡಿಸಿಕೊಂಡು ಹೋಗುವ ಮಜಾ ಇದು. ಬಿದ್ದರೂ ನಿಧಾನವಾಗಿಯೇ ಬೀಳುತ್ತೀರಿ, ಆದರೆ ಬೀಳುವುದು ಕಲ್ಲಿನ ಮೇಲೆ, ಅದೂ ಹ್ಯಾಂಡಲ್ ದಾಟಿ ಮುಂದಕ್ಕೆ. ಮಳೆ ಬಂದು ಬೇರು ಒದ್ದೆ ಆಗಿದ್ದರೆ ಸೋಪು ಹಚ್ಚಿಟ್ಟ ಹಾಗೆ. ಅದನ್ನು ನೇರಕ್ಕೆ ನೇರ ಅಡ್ಡ ದಾಟಬೇಕು, ಓರೆಯಾಗಿ ಹತ್ತಿಸಿದರೆ ಚಕ್ರ ಬೇರಿನ ಉದ್ದಕ್ಕೂ ಜಾರಿಕೊಂಡು ಹೋಗುತ್ತದೆ. ದಾಟುವಾಗ ಬ್ರೇಕ್ ಮುಟ್ಟಬಾರದು.

ದಾರಿಗಳಿಗೆ ಬಣ್ಣದ ಗುರುತು ಹಾಕುವ ಪದ್ಧತಿ ಹಲವು ಕಡೆ ಇದೆ. ಹಸಿರು ವೃತ್ತ ಸುಲಭ, ನೀಲಿ ಚೌಕ ನಡುವಿನದು, ಕಪ್ಪು ವಜ್ರ ಕಷ್ಟ, ಎರಡು ಕಪ್ಪು ವಜ್ರ ಇದ್ದರೆ ತೀರಾ ಕಷ್ಟ. ಮಂಜಿನಲ್ಲಿ ಸ್ಕೀ ಮಾಡುವ ಜಾಗಗಳಿಂದ ಬಂದ ಗುರುತು ಇದು. ಬ್ರಿಟನ್ನಿನಲ್ಲಿ ನೀಲಿಗೂ ಕಪ್ಪಿಗೂ ಮಧ್ಯೆ ಕೆಂಪು ಅಂತ ಇನ್ನೊಂದು ಇದೆ. ಜರ್ಮನಿ ಕಡೆಯವರು ಎಸ್ 0 ಇಂದ ಎಸ್ 5 ತನಕ ಎಣಿಸುತ್ತಾರೆ. ಇದನ್ನೆಲ್ಲ ಬಾಯಿಪಾಠ ಮಾಡುವ ಅಗತ್ಯವಿಲ್ಲ, ಒಂದು ಮಾತು ನೆನಪಿದ್ದರೆ ಸಾಕು: ಒಂದು ಗುಡ್ಡದ ನೀಲಿ ಇನ್ನೊಂದು ಗುಡ್ಡದ ಕಪ್ಪಿನಷ್ಟು ಕಷ್ಟ ಇರಬಹುದು. ಹೊಸ ಜಾಗಕ್ಕೆ ಹೋದರೆ ನಿಮ್ಮ ಮಾಮೂಲಿ ಬಣ್ಣಕ್ಕಿಂತ ಒಂದು ಮೆಟ್ಟಿಲು ಕೆಳಗಿನದರಿಂದ ಶುರು ಮಾಡಿ.

ಹಾರ್ಡ್‌ಟೇಲ್ ಮತ್ತು ಫುಲ್ ಸಸ್ಪೆನ್ಷನ್

ಹಾರ್ಡ್‌ಟೇಲ್‌ನಲ್ಲಿ ಮುಂದೆ ಮಾತ್ರ ಕುಗ್ಗುವ ಫೋರ್ಕ್, ಹಿಂದೆ ಗಟ್ಟಿ. ಫುಲ್ ಸಸ್ಪೆನ್ಷನ್‌ನಲ್ಲಿ ಹಿಂದೆಯೂ ಶಾಕ್ ಇರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಹಿಂದಿನ ಶಾಕ್ ಮೈಗೆ ಆರಾಮ ಕೊಡುವುದಕ್ಕೆ ಇರುವುದು ಅಂತ ಬಹಳ ಜನ ತಿಳಿದಿದ್ದಾರೆ. ಆರಾಮ ಆಮೇಲಿನ ಮಾತು. ಅದರ ಮುಖ್ಯ ಕೆಲಸ ಹಿಂದಿನ ಚಕ್ರವನ್ನು ನೆಲಕ್ಕೆ ಅಂಟಿಸಿಡುವುದು. ಕಲ್ಲಿಗೆ ತಾಗಿ ಚಕ್ರ ಗಾಳಿಯಲ್ಲಿ ಪುಟಿಯುತ್ತಿದ್ದರೆ ಬ್ರೇಕ್ ಹಿಡಿದರೂ ಉಪಯೋಗವಿಲ್ಲ, ನೆಲವೇ ಸಿಗದ ಮೇಲೆ ಚಕ್ರ ಯಾವುದನ್ನು ಹಿಡಿದು ನಿಲ್ಲಬೇಕು? ಹಾಗಾಗಿ ಒರಟು ಇಳಿಜಾರಿನಲ್ಲಿ ಫುಲ್ ಸಸ್ಪೆನ್ಷನ್ ನಿಜವಾಗಿಯೂ ಹಿಡಿತ ಜಾಸ್ತಿ ಕೊಡುತ್ತದೆ. ಹತ್ತುವಾಗಲೂ ಅಷ್ಟೇ, ಬೇರು ತುಂಬಿದ ಏರಿನಲ್ಲಿ ಕೂತೇ ತುಳಿಯಬಹುದು.

ಆದರೆ ಹಿಡಿತ ಸಿಕ್ಕ ಮೇಲೆ ಯಾರೂ ಮೊದಲಿನ ವೇಗದಲ್ಲೇ ಹೋಗುವುದಿಲ್ಲ. ಅಲ್ವಾ? ಗಂಟೆಗೆ 15 ಕಿ.ಮೀ. ಇದ್ದದ್ದು 21 ಆಗುತ್ತದೆ. ನೋಡುವುದಕ್ಕೆ ಆರೇ ಆರು ಜಾಸ್ತಿ. ಬಿದ್ದಾಗ ಮೈ ತಡೆದುಕೊಳ್ಳಬೇಕಾದ ಹೊಡೆತ ಮಾತ್ರ ಹೆಚ್ಚುಕಮ್ಮಿ ಎರಡು ಪಟ್ಟು, ಯಾಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಫುಲ್ ಸಸ್ಪೆನ್ಷನ್‌ನವರು ಬೀಳುವುದು ಕಮ್ಮಿ, ಬಿದ್ದರೆ ಜೋರು ಅಂತ ನಾನು ಕಣ್ಣಾರೆ ಕಂಡ ಲೆಕ್ಕ.

ಹಾರ್ಡ್‌ಟೇಲ್‌ನ ಅಪಾಯ ಬೇರೆ ಥರದ್ದು. ಉದ್ದದ ಇಳಿತದಲ್ಲಿ ಕಾಲೇ ಶಾಕ್ ಆಗಿ ಕೆಲಸ ಮಾಡಬೇಕು. ಹತ್ತು ನಿಮಿಷ ಆಗುವಷ್ಟರಲ್ಲಿ ತೊಡೆ ಉರಿಯುತ್ತದೆ, ಬೆರಳು ಮರಗಟ್ಟುತ್ತದೆ, ಕಾಲು ಪೆಡಲ್ ಮೇಲಿಂದ ಪುಟಿದು ಪುಟಿದು ಜಾಗ ತಪ್ಪುತ್ತದೆ. ಇಳಿತದ ಕೊನೆಯಲ್ಲಿ, ಎಲ್ಲ ಮುಗೀತು ಅನ್ನುವಾಗ ಬೀಳುವುದು ಹೀಗೆ. ಹಿಂದಿನ ಟೈರು ಪಂಕ್ಚರ್ ಆಗುವುದೂ ರಿಮ್ ಅದುಮುವುದೂ ಇದರಲ್ಲಿ ಜಾಸ್ತಿ.

ಆದರೂ ಮೊದಲ ಸೈಕಲ್ ಅಂದರೆ ನನ್ನ ಮತ ಹಾರ್ಡ್‌ಟೇಲ್‌ಗೇ. ಇದು ಸುಳ್ಳು ಹೇಳುವುದಿಲ್ಲ. ಕೆಟ್ಟ ಲೈನ್ (ಚಕ್ರ ಹೋಗುವ ಜಾಡು) ಹಿಡಿದರೆ ಅಲ್ಲೇ ಬೆನ್ನಿಗೆ ಒಂದು ಗುದ್ದು ಕೊಡುತ್ತದೆ, ಮುಂದಿನ ಸಲ ಕಣ್ಣು ತಾನಾಗಿ ಒಳ್ಳೆಯ ಲೈನ್ ಹುಡುಕುತ್ತದೆ. ಒಂದೇ ದುಡ್ಡಿಗೆ ಒಳ್ಳೆಯ ಬ್ರೇಕು, ಒಳ್ಳೆಯ ಫೋರ್ಕು ಇರುವ ಹಾರ್ಡ್‌ಟೇಲ್ ಸಿಗುತ್ತದೆ, ಅದೇ ದುಡ್ಡಿನ ಫುಲ್ ಸಸ್ಪೆನ್ಷನ್‌ನಲ್ಲಿ ಹಿಂದಿನ ಶಾಕ್ ತೂಗಿಸಲು ಉಳಿದ ಎಲ್ಲದರಲ್ಲೂ ಕೈ ಬಿಗಿ ಮಾಡಿರುತ್ತಾರೆ. ಸವೆಯುವ ಬೇರಿಂಗು, ಶಾಕ್ ಸರ್ವಿಸು ಅನ್ನುವ ತಲೆನೋವೂ ಇಲ್ಲ. ತೀರಾ ಅಗ್ಗದ ಫುಲ್ ಸಸ್ಪೆನ್ಷನ್ ಅಂತೂ ಬೇಡವೇ ಬೇಡ. ಹಿಂದೆ ಒಂದು ಸ್ಪ್ರಿಂಗ್ ಕಟ್ಟಿದ ಆ ಸೈಕಲ್ ಹತ್ತುವಾಗ ಕುಪ್ಪಳಿಸುತ್ತದೆ, ಇಳಿಯುವಾಗ ಒದೆಯುತ್ತದೆ.

ಅಂದಹಾಗೆ, ಈ ಆಟ ಶುರುವಾದದ್ದೇ ಸಸ್ಪೆನ್ಷನ್ ಇಲ್ಲದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಕೆಲವರು ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಗುಡ್ಡದ ಮೇಲಕ್ಕೆ ಒಯ್ದು ಕೆಳಕ್ಕೆ ರೇಸ್ ಬಿಟ್ಟರು. ಮೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ, ಸುಮಾರು 400 ಮೀಟರ್ ಇಳಿತ. ಬ್ರೇಕ್ ಅಂದರೆ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಅದು ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರೀಪ್ಯಾಕ್ ಅನ್ನುತ್ತಾರೆ, ಆ ರೇಸಿಗೂ ದಾರಿಗೂ ಅದೇ ಹೆಸರು ನಿಂತಿತು. ಗುಡ್ಡಕ್ಕಾಗಿಯೇ ಜೋ ಬ್ರೀಝ್ ಮಾಡಿದ ಫ್ರೇಮ್ ಬಂದದ್ದು ಮರುವರ್ಷ. ರಾಕ್‌ಶಾಕ್ಸ್ ಕಂಪನಿಯ ಮೊದಲ ಕುಗ್ಗುವ ಫೋರ್ಕ್ ಬಂದದ್ದು 1989ರಲ್ಲಿ. ಅಲ್ಲಿಯವರೆಗಿನ ಹದಿಮೂರು ವರ್ಷ ಇವರಿಗೆಲ್ಲ ಶಾಕ್ ಆಗಿದ್ದದ್ದು ಮೊಣಕೈ, ಮೊಣಕಾಲು.

ಟ್ರಾವೆಲ್ ಎಷ್ಟಿರಬೇಕು

ಫೋರ್ಕ್ ಎಷ್ಟು ಒಳಗೆ ಹೋಗುತ್ತದೆ ಅನ್ನುವುದೇ ಟ್ರಾವೆಲ್. 100ರಿಂದ 120 ಮಿ.ಮೀ. ಇದ್ದರೆ ಕ್ರಾಸ್ ಕಂಟ್ರಿ, 120ರಿಂದ 150 ಟ್ರೇಲ್, 150ರಿಂದ 180 ಎಂಡ್ಯೂರೊ, 200ರ ಹತ್ತಿರ ಇದ್ದರೆ ಡೌನ್‌ಹಿಲ್. ಗೆರೆ ಕೊರೆದ ಹಾಗೇನಲ್ಲ, ಅಂದಾಜು. ಒಲಿಂಪಿಕ್ಸ್‌ನಲ್ಲಿ 1996ರಿಂದ ಇರುವುದು ಕ್ರಾಸ್ ಕಂಟ್ರಿ, ಹತ್ತುವುದಕ್ಕೂ ಅಷ್ಟೇ ಬೆಲೆ. ಎಂಡ್ಯೂರೊ ರೇಸಿನಲ್ಲಿ ಗಡಿಯಾರ ಓಡುವುದು ಹೆಚ್ಚಾಗಿ ಇಳಿಯುವಾಗ, ಆದರೆ ಮೇಲಕ್ಕೂ ನೀವೇ ತುಳಿದುಕೊಂಡು ಹೋಗಬೇಕು. ಡೌನ್‌ಹಿಲ್ ಸೈಕಲ್‌ನಲ್ಲಿ ಹತ್ತುವ ಮಾತೇ ಇಲ್ಲ, ಮೇಲಕ್ಕೆ ಒಯ್ಯಲು ಲಿಫ್ಟೋ (ತಂತಿಯ ಮೇಲೆ ಹೋಗುವ ಕುರ್ಚಿ) ಗಾಡಿಯೋ ಬೇಕು.

ಮೇಲಿನ ಅಂಕಿ ನೋಡಿ ಜಾಸ್ತಿ ಇದ್ದರೆ ಒಳ್ಳೆಯದು ಅಂತ 170ರದ್ದು ತಗೊಂಡು ಹಸಿರು ದಾರಿಯಲ್ಲಿ ಓಡಿಸುವವರನ್ನು ನೋಡಿದ್ದೇನೆ. ಪಾಪ, ದಾರಿ ಅವರಿಗೆ ಸಪ್ಪೆ ಅನ್ನಿಸುತ್ತದೆ. ಮಜಾ ಬರಬೇಕಾದರೆ ಇನ್ನೂ ಜೋರಾಗಿ ಹೋಗಬೇಕು, ಅಲ್ಲಿ ನಡೆಯುವವರು, ಮಕ್ಕಳು ಎಲ್ಲ ಇರುತ್ತಾರೆ. ಅದೇ ದಾರಿಯಲ್ಲಿ 100 ಮಿ.ಮೀ. ಹಾರ್ಡ್‌ಟೇಲ್‌ನವನು ಅರ್ಧ ವೇಗದಲ್ಲಿ ಹೋಗಿ ಎರಡು ಪಟ್ಟು ನಗುತ್ತಿರುತ್ತಾನೆ.

ಅಂಕಿಗಿಂತ ಮುಖ್ಯವಾದದ್ದು ಹೆಡ್ ಆ್ಯಂಗಲ್. ಫೋರ್ಕ್ ನೆಲಕ್ಕೆ ಎಷ್ಟು ಓರೆಯಾಗಿದೆ ಅನ್ನುವುದು. ಕ್ರಾಸ್ ಕಂಟ್ರಿ ಸೈಕಲ್‌ನಲ್ಲಿ 67ರಿಂದ 69 ಡಿಗ್ರಿ, ಡೌನ್‌ಹಿಲ್‌ನಲ್ಲಿ 63ರ ಆಸುಪಾಸು. ಕಡಿಮೆ ಆದಷ್ಟೂ ಮುಂದಿನ ಚಕ್ರ ನಿಮ್ಮಿಂದ ದೂರ ಹೋಗುತ್ತದೆ, ಕಡಿದಾದ ಇಳಿತದಲ್ಲಿ ಹ್ಯಾಂಡಲ್ ದಾಟಿ ಹಾರುವ ಭಯ ಕಡಿಮೆ. ಹತ್ತುವಾಗ ಮಾತ್ರ ಎತ್ತಿನ ಗಾಡಿ ತಿರುಗಿಸಿದ ಹಾಗೆ.

ಮತ್ತೊಂದು ಮಾತು. ಯಾವ ಶಾಕ್ ಇದ್ದರೂ ನಿಮ್ಮ ತೂಕಕ್ಕೆ ಗಾಳಿ ಹೊಂದಿಸದಿದ್ದರೆ ಇದ್ದೂ ಇಲ್ಲದ ಹಾಗೆ. ಸೈಕಲ್ ಮೇಲೆ ಸುಮ್ನೆ ನಿಂತಾಗ ಟ್ರಾವೆಲ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಕುಗ್ಗಬೇಕು, ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಹಿಂದಿನ ಶಾಕ್ ಬೇಗ ವಾಪಸ್ ಬರುವ ಹಾಗೆ ಇಟ್ಟರೆ ದಿಬ್ಬದ ಮೇಲೆ ಹಿಂದಿನಿಂದ ಎತ್ತಿ ಎಸೆಯುತ್ತದೆ. ಕೈ ಬದಲಾದ ಸೈಕಲ್ ಹತ್ತುವ ಮುಂಚೆ ಐದು ನಿಮಿಷ ಇದಕ್ಕೆ ಕೊಡಿ. ಗೆಳೆಯನ ಸೈಕಲ್ ತಗೊಂಡ ದಿನ ನಾನು ಕೊಟ್ಟಿರಲಿಲ್ಲ.

ಶಾಕ್‌ಗಿಂತ ಮೊದಲು ಬೇಕಾದ್ದು ಡ್ರಾಪರ್

ಹಾರ್ಡ್‌ಟೇಲೋ ಫುಲ್ಲೋ ಅಂತ ತಿಂಗಳುಗಟ್ಟಲೆ ಒದ್ದಾಡುವವರು ಡ್ರಾಪರ್ ಪೋಸ್ಟ್ ಇದೆಯಾ ಅಂತ ನೋಡುವುದೇ ಇಲ್ಲ. ಹ್ಯಾಂಡಲ್ ಹತ್ತಿರದ ಒಂದು ಲಿವರ್ ಒತ್ತಿ ಕೂತರೆ ಸೀಟು ಕೆಳಕ್ಕೆ ಹೋಗುತ್ತದೆ, ಮತ್ತೆ ಒತ್ತಿದರೆ ಮೇಲೆ ಬರುತ್ತದೆ. ಇಷ್ಟೇ. ಮೊಣಕಾಲೆತ್ತರದ ಒಂದು ಕಲ್ಲಿನ ಮೆಟ್ಟಿಲು ಇಳಿಯುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಮುಂದಿನ ಚಕ್ರ ಕೆಳಗೆ ಹೋಯಿತು, ಸೈಕಲ್ ಮುಂದಕ್ಕೆ ಬಾಗಿತು. ಈಗ ಹಿಂದಿನ ಚಕ್ರ ಅಂಚಿಗೆ ಬರುತ್ತದೆ, ಸೀಟು ಮೇಲಕ್ಕೆ ಏಳುತ್ತದೆ. ಸೀಟು ಎತ್ತರದಲ್ಲಿದ್ದರೆ ಅದು ನೇರ ನಿಮ್ಮ ಹಿಂಭಾಗಕ್ಕೆ ಗುದ್ದಿ ಹ್ಯಾಂಡಲ್ ಆಚೆ ತಳ್ಳುತ್ತದೆ. ಕೆಳಗಿದ್ದರೆ ನಿಮ್ಮ ಕಾಲುಗಳ ನಡುವೆ ಎದ್ದು ಬಿದ್ದು ಸುಮ್ಮನಾಗುತ್ತದೆ. ಡ್ರಾಪರ್ ಇರುವ ಹಾರ್ಡ್‌ಟೇಲ್, ಡ್ರಾಪರ್ ಇಲ್ಲದ ಫುಲ್ ಸಸ್ಪೆನ್ಷನ್ ಎರಡರಲ್ಲಿ ಒಂದು ಆರಿಸು ಅಂದರೆ ಕಣ್ಣು ಮುಚ್ಚಿ ಮೊದಲನೆಯದನ್ನು ತಗೊಳ್ಳುತ್ತೇನೆ.

ಚಕ್ರ, ಟೈರು, ಗಾಳಿ

ಚಕ್ರದ ಗಾತ್ರದ ಜಗಳ ಹೆಚ್ಚುಕಮ್ಮಿ ಮುಗಿದಿದೆ. 29 ಇಂಚಿನದು ಕಲ್ಲು ಗುಂಡಿಗಳ ಮೇಲೆ ಸಲೀಸಾಗಿ ಉರುಳುತ್ತದೆ, 27.5 ಬೇಗ ತಿರುಗುತ್ತದೆ. ಗಿಡ್ಡ ಇರುವವರಿಗೆ ಕಡಿದಾದ ಜಾಗದಲ್ಲಿ 29ರ ಹಿಂದಿನ ಟೈರು ಪ್ಯಾಂಟಿಗೆ ತಾಗುತ್ತದೆ, ಅವರಿಗೆ 27.5 ಅಥವಾ ಮುಂದೆ 29, ಹಿಂದೆ 27.5 ಇರುವ ಸೈಕಲ್ ವಾಸಿ. ಇದರ ಮೇಲೆ ನಿದ್ದೆಗೆಡಬೇಡಿ.

ಟೈರಿನ ವಿಷಯ ಹಾಗಲ್ಲ. ನೆಲ ಮುಟ್ಟುವುದು ಅದೊಂದೇ. ಮುಂದೆ ಹಿಂದೆ ಒಂದೇ ಟೈರು ಹಾಕಬೇಕು ಅಂತಿಲ್ಲ, ಮುಂದಕ್ಕೆ ಹಲ್ಲು ದೊಡ್ಡದಿರುವ, ರಬ್ಬರ್ ಮೆತ್ತಗಿರುವ ಟೈರು ಹಾಕಿ, ಹಿಂದಕ್ಕೆ ಬೇಗ ಉರುಳುವಂಥದ್ದು. ಕಾರಣ ಸರಳ. ಹಿಂದಿನ ಚಕ್ರ ಜಾರಿದರೆ ಸೈಕಲ್ ಬಾಲ ಅಲ್ಲಾಡಿಸುತ್ತದೆ, ನೀವು ನಕ್ಕು ಮುಂದೆ ಹೋಗುತ್ತೀರಿ. ಮುಂದಿನ ಚಕ್ರ ಜಾರಿದರೆ ನಗುವುದಕ್ಕೆ ಪುರುಸೊತ್ತಿರುವುದಿಲ್ಲ, ಆಗಲೇ ನೆಲದ ಮೇಲಿರುತ್ತೀರಿ.

ಟ್ಯೂಬಾ, ಟ್ಯೂಬ್‌ಲೆಸ್ಸಾ? ಟ್ಯೂಬ್ ಇದ್ದು ಗಾಳಿ ಕಮ್ಮಿ ಇಟ್ಟರೆ ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ಅದಕ್ಕೆ ಹೆದರಿ ಗಾಳಿ ಜಾಸ್ತಿ ತುಂಬಿದರೆ ಟೈರು ಕಲ್ಲಿನ ಹಾಗೆ ಆಗಿ ಹಿಡಿತ ಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಈ ಸಂಕಟ ಇಲ್ಲ, ಸಣ್ಣ ಮುಳ್ಳು ಚುಚ್ಚಿದರೆ ಒಳಗಿನ ಹಾಲಿನಂಥ ಸೀಲಂಟ್ ತಾನೇ ತೂತು ಮುಚ್ಚುತ್ತದೆ. ಸೀಲಂಟ್ ಕೆಲವು ತಿಂಗಳಿಗೆ ಒಣಗುತ್ತದೆ, ಮತ್ತೆ ತುಂಬಬೇಕು, ಅದನ್ನು ಮರೆಯುವವರೇ ಜಾಸ್ತಿ. ಮರೆಯುವವರ ಪಟ್ಟಿಯಲ್ಲಿ ನಾನೂ ಇದ್ದೇನೆ. 2.3, 2.4 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಎಪ್ಪತ್ತು ಕಿಲೋ ಆಸುಪಾಸಿನವರು 22ರಿಂದ 26 ಪಿ.ಎಸ್.ಐ. ಇಟ್ಟು ನೋಡಬಹುದು, ಹಿಂದೆ ಒಂದೆರಡು ಜಾಸ್ತಿ.

ಬ್ರೇಕು

ಗುಡ್ಡಕ್ಕೆ ಹೈಡ್ರಾಲಿಕ್ ಡಿಸ್ಕ್, ಅಂದರೆ ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಡಿಸ್ಕ್ ಬ್ರೇಕು. ಇದರಲ್ಲಿ ಹೋಲಿಕೆ ಮಾಡುವುದಕ್ಕೆ ನನಗೆ ಮನಸ್ಸಿಲ್ಲ. ಕೇಬಲ್ ಡಿಸ್ಕ್ ಸಣ್ಣ ಗುಡ್ಡಕ್ಕೆ ನಡೆಯುತ್ತದೆ, ರಿಮ್ ಬ್ರೇಕ್ ಒದ್ದೆ ಆದರೆ ದೇವರೇ ಗತಿ.

ಡಿಸ್ಕಿನ ಗಾತ್ರ ಮಾತ್ರ ಯೋಚಿಸಿ. 160 ಮಿ.ಮೀ. ಹಗುರ, 180 ನಡುವಿನದು, 203 ದೊಡ್ಡದು. ನೀವು ದಪ್ಪ ಇದ್ದರೆ ಅಥವಾ ನಿಮ್ಮ ಇಳಿತ ಉದ್ದ ಇದ್ದರೆ ದೊಡ್ಡದಕ್ಕೆ ಹೋಗಿ. ಹೆದರಿ ಉದ್ದಕ್ಕೂ ಬ್ರೇಕ್ ಸವರಿಕೊಂಡು ಬಂದರೆ ಡಿಸ್ಕ್ ಕಾದು, ಸುಟ್ಟ ವಾಸನೆ ಬಂದು, ಕೆಳಗೆ ಬರುವಷ್ಟರಲ್ಲಿ ಲಿವರ್ ಒತ್ತಿದರೂ ನಿಲ್ಲುವುದಿಲ್ಲ. ನೇರ ಇರುವ ಕಡೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಡಿ, ಡಿಸ್ಕ್ ಆರಲಿ. ತಿರುವಿನ ಒಳಗೆ ಬ್ರೇಕ್ ಬೇಡ, ತಿರುವಿಗೆ ಮುಂಚೆಯೇ ಮುಗಿಸಿ. ಒಂದೊಂದು ಲಿವರ್‌ಗೆ ಒಂದೊಂದೇ ಬೆರಳು ಸಾಕು, ಉಳಿದ ಬೆರಳು ಹ್ಯಾಂಡಲ್ ಹಿಡಿದಿರಲಿ.

ಬೇರೆಯವರ ಸೈಕಲ್ ಹತ್ತಿದರೆ ಮೊದಲು ಯಾವ ಲಿವರ್ ಯಾವ ಚಕ್ರದ್ದು ಅಂತ ನೋಡಿ. ಬ್ರಿಟನ್, ಭಾರತ, ಆಸ್ಟ್ರೇಲಿಯಾದಲ್ಲಿ ಬಲಗೈ ಮುಂದಿನ ಬ್ರೇಕು. ಅಮೆರಿಕದಲ್ಲಿ, ಯುರೋಪಿನ ಬಹಳ ಕಡೆ ಎಡಗೈ. ನಮ್ಮ ಜೊತೆಗಿದ್ದ ಒಬ್ಬರು ಇದನ್ನು ತಿಳಿದದ್ದು ಮೊದಲ ಇಳಿತದಲ್ಲಿ, ಹಿಂದಿನದು ಅಂದುಕೊಂಡು ಮುಂದಿನದನ್ನು ಪೂರ್ತಿ ಒತ್ತಿದ ಮೇಲೆ, ಗಾಳಿಯಲ್ಲಿ.

ಪೆಡಲ್: ಫ್ಲಾಟಾ, ಕ್ಲಿಪ್ಪಾ

ಫ್ಲಾಟ್ ಪೆಡಲ್‌ನಲ್ಲಿ ಸಣ್ಣ ಮೊಳೆಗಳಿರುತ್ತವೆ, ಮೆತ್ತನೆ ಅಟ್ಟೆಯ ಶೂ ಹಾಕಿದರೆ ಅಂಟಿಕೊಳ್ಳುತ್ತದೆ. ಬೇಕಾದಾಗ ಕಾಲು ಕೆಳಗಿಡಬಹುದು. ಜಾರಿದರೆ ಅದೇ ಮೊಳೆ ಮೊಣಕಾಲ ಕೆಳಗಿನ ಎಲುಬನ್ನು ಕೆರೆದು ಹಾಕುತ್ತದೆ, ಗುಡ್ಡದ ಸೈಕಲ್‌ನವರ ಕಾಲು ನೋಡಿದರೆ ಗೊತ್ತಾಗುತ್ತದೆ. ಕ್ಲಿಪ್ ಪೆಡಲ್‌ನಲ್ಲಿ ಶೂ ಪೆಡಲ್‌ಗೆ ಕಚ್ಚಿಕೊಂಡಿರುತ್ತದೆ. ಒರಟು ನೆಲದಲ್ಲಿ ಕಾಲು ಪುಟಿಯುವುದಿಲ್ಲ, ಹತ್ತುವಾಗ ತುಳಿತ ಹದವಾಗಿ ಸಿಗುತ್ತದೆ. ಬಿಡಿಸಲು ಹಿಮ್ಮಡಿ ಹೊರಕ್ಕೆ ತಿರುಗಿಸಬೇಕು. ಗಾಬರಿಯಲ್ಲಿ ಅದು ನೆನಪಾಗದೆ, ನಿಂತ ಸೈಕಲ್ ಸಮೇತ ಕಡಿದ ಬಾಳೆಗಿಡದ ಹಾಗೆ ಪಕ್ಕಕ್ಕೆ ಬೀಳುವುದು ಎಲ್ಲರಿಗೂ ಒಂದೆರಡು ಸಲ ಆಗುತ್ತದೆ, ಅದೂ ಜನ ನೋಡುತ್ತಿರುವಾಗಲೇ.

ಮೊದಲ ವರ್ಷ ಫ್ಲಾಟ್. ಆಮೇಲೆ ಉದ್ದದ ಸವಾರಿ, ರೇಸು ಅಂತ ಮನಸ್ಸಾದರೆ ಕ್ಲಿಪ್.

ತುಳಿದು ಹತ್ತುವುದಾ, ಗಾಡಿಯಲ್ಲಾ, ಮೋಟಾರಿನಲ್ಲಾ

ಇದನ್ನು ಸುರಕ್ಷತೆಯ ಪ್ರಶ್ನೆ ಅಂತ ಯಾರೂ ನೋಡುವುದಿಲ್ಲ, ನನಗೆ ಮಾತ್ರ ಇದು ದೊಡ್ಡದಾಗಿ ಕಾಣುತ್ತದೆ. ತುಳಿದು ಹತ್ತಿದರೆ ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಇಳಿತ. ಮೈ ಬೆಚ್ಚಗಾಗಿರುತ್ತದೆ. ಅದೇ ದಾರಿಯಲ್ಲಿ ಹತ್ತಿದ್ದರೆ ಎಲ್ಲಿ ಮರ ಬಿದ್ದಿದೆ, ಎಲ್ಲಿ ಮಣ್ಣು ಕೊಚ್ಚಿಹೋಗಿದೆ ಅಂತ ನೋಡಿಕೊಂಡೇ ಬಂದಿರುತ್ತೀರಿ. ಲಿಫ್ಟಿನಲ್ಲೋ ಗಾಡಿಯಲ್ಲೋ ಹೋದರೆ ಹತ್ತು ಹನ್ನೆರಡು ಇಳಿತ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಒಂದೇ ತಿರುವನ್ನು ಹತ್ತು ಸಲ ಮಾಡುತ್ತೀರಿ. ಆದರೆ ಹಿಡಿ ಸೋತಿರುವುದು ಗೊತ್ತಾಗುವುದಿಲ್ಲ, ಕೂತೇ ಮೇಲೆ ಹೋಗಿರುತ್ತೀರಲ್ಲ. "ಇದೊಂದು ಕೊನೇದು" ಅಂತ ಹೊರಟ ಇಳಿತದಲ್ಲೇ ಪೆಟ್ಟಾಗುವುದು ಅಂತ ಸವಾರರಲ್ಲಿ ಒಂದು ನಂಬಿಕೆ ಇದೆ, ಕೊನೇದು ಅನ್ನುವ ಮಾತನ್ನೇ ಬಾಯಲ್ಲಿ ತರಲು ಬಿಡುವುದಿಲ್ಲ. ನನಗೆ ಅದು ಮೂಢನಂಬಿಕೆ ಅನ್ನಿಸುವುದಿಲ್ಲ, ಸೋತ ಬೆರಳಿನ ವಿಷಯ.

ಮೋಟಾರಿನ ಸೈಕಲ್ ಹತ್ತುವ ಕಷ್ಟ ತೆಗೆಯುತ್ತದೆ, ವಯಸ್ಸಾದವರಿಗೆ, ಮೊಣಕಾಲು ನೋವಿನವರಿಗೆ ವರದಾನ. ಯುರೋಪಿನಲ್ಲಿ ಇದಕ್ಕೆ 250 ವ್ಯಾಟ್ ಮಿತಿ, ಗಂಟೆಗೆ 25 ಕಿ.ಮೀ. ದಾಟಿದರೆ ಮೋಟಾರು ಸುಮ್ಮನಾಗಬೇಕು. ತೂಕ ಮಾತ್ರ ಬಹಳ ಸಲ 20 ಕಿಲೋ ಮೇಲೆ. ಇಳಿಯುವಾಗ ಆ ತೂಕ ನಿಲ್ಲಿಸುವುದಕ್ಕೆ ಬ್ರೇಕು ಜಾಸ್ತಿ ಬೇಕು, ಬಿದ್ದರೆ ಮೈಮೇಲೆ ಬೀಳುವುದೂ ಅದೇ ತೂಕ. ಇನ್ನೊಂದು, ಕಾಲಿನ ಶಕ್ತಿ ಮೀರಿದ ಜಾಗಕ್ಕೆ ಇದು ಕರೆದುಕೊಂಡು ಹೋಗುತ್ತದೆ. ಅಲ್ಲಿ ಬ್ಯಾಟರಿ ಮುಗಿದರೆ ತಳ್ಳಿ ನೋಡಿ.

ಹೆಲ್ಮೆಟ್, ಮತ್ತೆ ಜೊತೆಗಾರರು

ಜೀಪ್ ದಾರಿ, ಹಸಿರು, ನೀಲಿ ಇಷ್ಟೇ ಆದರೆ ಹಿಂದಲೆ ಪೂರ್ತಿ ಮುಚ್ಚುವ ಅರ್ಧ ಹೆಲ್ಮೆಟ್ ಸಾಕು. ಜಂಪ್, ಲಿಫ್ಟ್, ಕಪ್ಪು ದಾರಿ ಅಂದರೆ ಗಲ್ಲ ಮುಚ್ಚುವ ಫುಲ್ ಫೇಸ್. ಎರಡೂ ಮಾಡುವವರಿಗೆ ಗಲ್ಲದ ಪಟ್ಟಿ ಬಿಚ್ಚಿ ಹಾಕುವಂಥದ್ದು ಸಿಗುತ್ತದೆ, ಹತ್ತುವಾಗ ಬಿಚ್ಚಿ ಬ್ಯಾಗಿಗೆ ಕಟ್ಟಬಹುದು. ಜೋರಾಗಿ ಒಂದು ಪೆಟ್ಟು ತಿಂದ ಹೆಲ್ಮೆಟ್ ಮುಗಿದ ಹಾಗೆಯೇ, ಹೊರಗೆ ಏನೂ ಕಾಣದಿದ್ದರೂ ಒಳಗಿನ ಫೋಮ್ ಕುಗ್ಗಿರುತ್ತದೆ. ತಲೆಗೆ ಪೆಟ್ಟಾಗಿ ಒಂದು ಕ್ಷಣ ಮಂಕು ಕವಿದರೆ, ವಾಕರಿಕೆ ಬಂದರೆ, ಹೇಳಿದ್ದನ್ನೇ ಹೇಳುತ್ತಿದ್ದರೆ ಆ ದಿನದ ಸವಾರಿ ಅಲ್ಲಿಗೆ ಮುಗಿಯಿತು, ಡಾಕ್ಟರ ಹತ್ತಿರ ಹೋಗಬೇಕು. ಹೆಲ್ಮೆಟ್ ಇತ್ತಲ್ಲ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮೊಣಕಾಲಿಗೆ ಪ್ಯಾಡು, ಕೈಗೆ ಪೂರ್ತಿ ಬೆರಳಿನ ಗ್ಲವ್ಸು ಎಲ್ಲ ದಾರಿಗೂ.

ಒಬ್ಬರೇ ಹೋಗುವುದಾ, ಗುಂಪಿನಲ್ಲಾ? ಒಬ್ಬರೇ ಹೋದಾಗ ನಾನು ನಿಧಾನ ಇಳಿಯುತ್ತೇನೆ, ಬೀಳುವುದೂ ಕಡಿಮೆ. ಬಿದ್ದರೆ ಮಾತ್ರ ಎತ್ತುವುದಕ್ಕೆ ಯಾರೂ ಇಲ್ಲ, ಬಹಳ ಗುಡ್ಡಗಳಲ್ಲಿ ಫೋನಿಗೆ ಸಿಗ್ನಲ್ ಕೂಡ ಇರುವುದಿಲ್ಲ. ಗುಂಪಿನಲ್ಲಿ ಧೈರ್ಯ ಸಾಲ ಸಿಗುತ್ತದೆ. ಮುಂದಿನವನು ಹಾರಿದ, ನಾನೂ ಹಾರುತ್ತೇನೆ ಅಂತ. ಸಾಲ ತೀರಿಸುವುದು ನಿಮ್ಮ ಎಲುಬು. ಮೂರು ಜನ ಇದ್ದರೆ ಹದ: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರುತ್ತಾರೆ, ಇನ್ನೊಬ್ಬರು ಹೋಗಿ ಕರೆದು ತರುತ್ತಾರೆ. ಒಬ್ಬರೇ ಹೊರಟರೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಿ. ಕುತ್ತಿಗೆಗೆ ಒಂದು ಸೀಟಿ ನೇತುಹಾಕಿಕೊಳ್ಳಿ, ಕೂಗಿದ್ದು ಕೇಳದ ದೂರಕ್ಕೂ ಅದು ಕೇಳುತ್ತದೆ.

ಹಾಗಾದರೆ ಯಾರಿಗೆ ಯಾವುದು

ವೇಗಕ್ಕೆ ಹೆದರುವವರು, ಆದರೆ ಕಲ್ಲು ಬೇರುಗಳ ಲೆಕ್ಕ ಬಿಡಿಸುವುದು ಇಷ್ಟ ಅನ್ನುವವರು 130, 140 ಮಿ.ಮೀ. ಫೋರ್ಕಿನ ಹಾರ್ಡ್‌ಟೇಲ್ ತಗೊಳ್ಳಿ, ಡ್ರಾಪರ್ ಇರಲಿ, ಹೆಡ್ ಆ್ಯಂಗಲ್ 65, 66 ಇರಲಿ. ದಿನವಿಡೀ ದೂರ ಹೋಗಬೇಕು, ಹತ್ತುವುದೂ ಇಷ್ಟ ಅನ್ನುವವರಿಗೆ 120 ಮಿ.ಮೀ. ಫುಲ್ ಸಸ್ಪೆನ್ಷನ್ ಮೈ ಉಳಿಸುತ್ತದೆ. ಸೊಂಟ, ಬೆನ್ನು ನೋವಿನವರೂ ಹಾರ್ಡ್‌ಟೇಲ್ ಜೊತೆ ಹಟ ಮಾಡಬೇಡಿ. ಲಿಫ್ಟ್ ಇರುವ ಜಾಗಕ್ಕೆ ವರ್ಷಕ್ಕೆರಡು ಸಲ ಮಾತ್ರ ಹೋಗುವವರು 170ರ ಸೈಕಲ್ ಕೊಳ್ಳುವ ಬದಲು ಅಲ್ಲೇ ಬಾಡಿಗೆಗೆ ತಗೊಳ್ಳಿ, ಫುಲ್ ಫೇಸ್ ಹೆಲ್ಮೆಟ್ ಮಾತ್ರ ನಿಮ್ಮದೇ ಇರಲಿ. ವಾರ ವಾರ ಹೋಗುವವರಾದರೆ ಕೊಳ್ಳಿ, ಬೇಡ ಅನ್ನುವುದಿಲ್ಲ. ಹಾರ್ಡ್‌ಟೇಲ್ ಇರುವವರು ಫುಲ್‌ಗೆ ಹೋದರೆ ಮೊದಲ ತಿಂಗಳು ಗೊತ್ತಿರುವ ದಾರಿಯಲ್ಲೇ, ಗೊತ್ತಿಲ್ಲದವರ ಹಾಗೆ ಇಳಿಯಿರಿ.

ನಾನು ಈಗಲೂ ಹಾರ್ಡ್‌ಟೇಲ್‌ನಲ್ಲೇ ಇದ್ದೇನೆ. ಆ ಎಡ ತಿರುವಿಗೆ ಹತ್ತು ಮಾರು ಮುಂಚೆ ದಾರಿ ಪಕ್ಕ ಬೆಳ್ಳಗಿನ ಒಂದು ಕಲ್ಲಿದೆ. ಅದು ಕಂಡ ಕೂಡಲೇ ಎರಡೂ ಬ್ರೇಕ್ ಹಿಡಿದು, ಬಿಟ್ಟು, ಆಮೇಲೆ ತಿರುಗುತ್ತೇನೆ. ಹಿಂದೆ ಬರುವ ಗೆಳೆಯ ದಿನಾ ಬಯ್ಯುತ್ತಾನೆ, ಅಷ್ಟು ಬೇಗ ಯಾಕೆ ಹಿಡೀತೀಯ ಅಂತ.